ಚಾಳೀಸು ಬಂದ ಮೇಲೆ ಯುದ್ಧದ ಹಾಸು

ಪ್ರಶ್ನೆ: ನನಗೀಗ 71. 1976ರಲ್ಲಿ ಎಂ.ಎಸ್. ಓದಲು ಮೈಸೂರಿನಿಂದ ಅಮೆರಿಕದ ಮೇರಿಲ್ಯಾಂಡಿಗೆ ಬಂದವನು. ರೂಮಿನ ಗೆಳೆಯ ಹತ್ತಿಸಿದ ವಾರ್‌ಗೇಮಿನ ಹುಚ್ಚು ಇನ್ನೂ ಬಿಟ್ಟಿಲ್ಲ. ನಕ್ಷೆಯ ಹಾಸಿನ ಮೇಲೆ ರಟ್ಟಿನ ಬಿಲ್ಲೆಗಳನ್ನು ಸೇನೆಗಳಂತೆ ನಡೆಸುತ್ತಾ ಹಳೆಯ ಯುದ್ಧಗಳನ್ನು ಆಡುವ ಆಟ ಅದು. ಇಲ್ಲಿನ ಬಾಲ್ಟಿಮೋರಿನಲ್ಲೇ ಇದ್ದ ಅವಲಾನ್ ಹಿಲ್ ಕಂಪನಿಯ ಪೆಟ್ಟಿಗೆಗಳೇ ಮನೆಯಲ್ಲಿ ನಲವತ್ತರ ಮೇಲಿವೆ. ಈಗ ಬಿಲ್ಲೆಯ ಮೇಲಿನ ಅಂಕಿ ಕಾಣುವುದಿಲ್ಲ. ಬೆರಳು ತಗಲಿದರೆ ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳ ಅಟ್ಟಿ ಬಿದ್ದುಹೋಗುತ್ತದೆ. ನಿಯಮದ ಪುಸ್ತಕದಲ್ಲಿ ಹತ್ತನೇ ಪುಟಕ್ಕೆ ಬರುವಾಗ ಮೂರನೇ ಪುಟ ಮರೆತಿರುತ್ತದೆ. ಜೊತೆಗೆ ಆಡುತ್ತಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಮಗನ ಊರಿಗೆ ಹೋದರು. ಹೋದ ತಿಂಗಳು ಎರಡನೇ ಮಹಾಯುದ್ಧದ ಬಲ್ಜ್ ಕದನದ ದೊಡ್ಡ ಆಟವೊಂದನ್ನು ಮೇಜಿನ ಮೇಲೆ ಹರವಿ, ಮೂರು ದಿನ ಸುಮ್ಮನೆ ನೋಡಿ, ಒಂದು ನಡೆಯನ್ನೂ ಆಡದೆ ಪೆಟ್ಟಿಗೆಗೆ ತುಂಬಿಟ್ಟೆ. ಎಲ್ಲ ಮಾರಿಬಿಡಲೇ?

ಉತ್ತರ: ಈಗಲೇ ಮಾರಬೇಡಿ. ಮೂರು ದಿನ ಆ ಹಾಸಿನ ಮುಂದೆ ಕೂತಿದ್ದಿರಲ್ಲ, ಅದು ಆಸೆ ಬತ್ತಿದವರ ಲಕ್ಷಣವಲ್ಲ.

ಆ ಬಲ್ಜ್ ಆಟವನ್ನೇ ತೆಗೆದುಕೊಳ್ಳೋಣ. 1944ರ ಡಿಸೆಂಬರ್ 16ರ ಬೆಳಗಿನ ಜಾವ, ಬೆಲ್ಜಿಯಂ ಕಡೆಯ ಆರ್ಡೆನ್ ಕಾಡಿನಲ್ಲಿ ಹಿಮ. ಜರ್ಮನ್ ಟ್ಯಾಂಕುಗಳು ಮ್ಯೂಸ್ ನದಿ ಮುಟ್ಟಬೇಕು. ಹಾಸಿನಲ್ಲಿ ಕಾಡು ಬರೆದ ಮನೆಗಳಲ್ಲಿ, ಅಂದರೆ ಬಿಲ್ಲೆ ಇಡುವ ಅಂಕಣಗಳಲ್ಲಿ, ಟ್ಯಾಂಕು ತೆವಳುತ್ತದೆ, ರಸ್ತೆಯ ಮೇಲಾದರೆ ಓಡುತ್ತದೆ. ಏಳು ರಸ್ತೆ ಬಂದು ಕೂಡುವ ಊರು ಬಾಸ್ಟೋನ್. ಅದನ್ನು ಹಿಡಿಯಲು ನಿಂತರೆ ಎರಡು ದಿನ ಹೋಯಿತು. ಸುತ್ತುಹಾಕಿ ಮುಂದೆ ಹೋದರೆ ಬೆನ್ನ ಹಿಂದೆ ಶತ್ರು ಉಳಿದ, ಪೆಟ್ರೋಲಿನ ದಾರಿ ಕಟ್ಟಿತು. ಜರ್ಮನರು ಆವತ್ತು ಎರಡನ್ನೂ ಅರ್ಧರ್ಧ ಮಾಡಿದರು. ಊರಿಗೆ ಮುತ್ತಿಗೆ ಹಾಕಿದರು, ಮುಂದಕ್ಕೂ ಹೋದರು, ಡಿಸೆಂಬರ್ 26ಕ್ಕೆ ಅಮೆರಿಕದ ಜನರಲ್ ಪ್ಯಾಟನ್ನನ ಟ್ಯಾಂಕುಗಳು ಬಂದು ಮುತ್ತಿಗೆ ಒಡೆದವು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾವೆಲ್ಲ ಈ ಆಟಕ್ಕೆ ಬಿದ್ದದ್ದು ಈ ಒಂದು ಪ್ರಶ್ನೆಗಾಗಿ. ಇದನ್ನು ಯೋಚಿಸುವ ಶಕ್ತಿ ನಿಮ್ಮಲ್ಲಿ ಕುಂದಿಲ್ಲ. ಐವತ್ತು ವರ್ಷ ಓದಿ, ಆಡಿ, ಸೋತು ಕಲಿತದ್ದರಿಂದ ಬೆಳೆದೇ ಇದೆ.

ಆದರೆ ಆ ಪ್ರಶ್ನೆಯ ಹತ್ತಿರ ಹೋಗುವ ಮೊದಲು ಮಾಡಬೇಕಾದ ಚಾಕರಿ ಎಷ್ಟು ನೋಡಿ. ಒಮ್ಮೆ ನಾನು ಗಡಿಯಾರ ಇಟ್ಟುಕೊಂಡು ಎಣಿಸಿದ್ದೆ. ದೊಡ್ಡ ಆಟದ ಒಂದು ಸರದಿಗೆ ಎರಡು ಗಂಟೆ ಹಿಡಿಯಿತು. ಅದರಲ್ಲಿ ನಿಜವಾಗಿ ಕೂತು ತೀರ್ಮಾನಿಸಿದ್ದು ಆರು ಸಲ. ಉಳಿದ ಹೊತ್ತೆಲ್ಲ ಅಟ್ಟಿ ಎತ್ತು, ಅಡಿಯಲ್ಲಿ ಯಾವ ಬಿಲ್ಲೆ ಇದೆ ನೋಡು, ಸರಬರಾಜಿನ ದಾರಿ ಎಣಿಸು, ಕೋಷ್ಟಕ ಹುಡುಕು. ಮೂವತ್ತರ ವಯಸ್ಸಿನಲ್ಲಿ ಈ ಚಾಕರಿ ಕಣ್ಣಿಗೇ ಬೀಳುತ್ತಿರಲಿಲ್ಲ, ಅದೂ ಆಟವೇ ಅನ್ನಿಸುತ್ತಿತ್ತು. 1979ರಲ್ಲಿ ಬಂದ ಉತ್ತರ ಆಫ್ರಿಕದ ದೈತ್ಯ ಆಟವೊಂದರಲ್ಲಿ ಇಟಲಿಯ ಪಡೆಗೆ ಪಾಸ್ತಾ ಬೇಯಿಸಲು ಹೆಚ್ಚುವರಿ ನೀರು ಒದಗಿಸಬೇಕೆಂಬ ನಿಯಮವೂ ಇತ್ತು. ಈಗ ನಮ್ಮ ದಿನದ ಕಸುವಿಗೆ ಮಿತಿ ಇದೆ. ಅದು ಚಾಕರಿಗೇ ಖರ್ಚಾದರೆ ಬಾಸ್ಟೋನಿಗೆ ಉಳಿಯುವುದಿಲ್ಲ. ಹಾಗಾಗಿ ಪೆಟ್ಟಿಗೆ ಆರಿಸುವಾಗ ಒಂದೇ ಅಳತೆ ಇಟ್ಟುಕೊಳ್ಳಿ: ಒಂದು ಗಂಟೆ ಆಡಿದರೆ ಎಷ್ಟು ಸಲ ಯೋಚಿಸಿ ಕಾಯಿ ನಡೆಸುತ್ತೇನೆ?

ಈ ಅಳತೆಯಲ್ಲಿ ಹಳೆಯ, ಸಣ್ಣ ಆಟಗಳು ಚೆನ್ನಾಗಿ ಗೆಲ್ಲುತ್ತವೆ. ನಿಮ್ಮ ಕಪಾಟಿನಲ್ಲಿ 1964ರ 'ಆಫ್ರಿಕಾ ಕೋರ್' ಇದ್ದೇ ಇರುತ್ತದೆ. ಬಿಲ್ಲೆ ಕಡಿಮೆ, ನಿಯಮ ಚಿಕ್ಕದು, ಮರುಭೂಮಿ ವಿಶಾಲ. ಪ್ರಾಯದಲ್ಲಿ ಕಲಿತ ನಿಯಮ ಬೆರಳಲ್ಲೇ ಉಳಿದಿರುತ್ತದೆ. ಅರವತ್ತರ ನಂತರ ಹೊಸ ನಿಯಮದ ಪುಸ್ತಕ ತಲೆಗೆ ಹತ್ತುವುದು ನಿಧಾನ. ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ ಒಂದೇ ಹೊಸ ಆಟ ಕಲಿಯಿರಿ, ಉಳಿದಂತೆ ಹಳೆಯವನ್ನು ಮತ್ತೆ ಆಡಿ. ಹೊಸದನ್ನು ಕಲಿಯುವಾಗ ನಿಯಮಗಳನ್ನು ಒಂದೇ ಹಾಳೆಗೆ, ಸ್ವಂತ ಕೈಯಲ್ಲಿ, ಕನ್ನಡದಲ್ಲಿ ಬರೆದುಕೊಳ್ಳಿ. ಅಚ್ಚಾದ ಇಪ್ಪತ್ತು ಪುಟಕ್ಕಿಂತ ಆ ಹಾಳೆ ನಿಮಗೆ ಹೆಚ್ಚು ನೆರವಾಗುತ್ತದೆ.

ಆ ಒಂದು ಹೊಸ ಆಟ ಯಾವುದು ಎಂದರೆ, ನಾನು 2005ರ 'ಟ್ವೈಲೈಟ್ ಸ್ಟ್ರಗಲ್' ಹೇಳುತ್ತೇನೆ. ಅನಂದ ಗುಪ್ತಾ ಮತ್ತು ಜೇಸನ್ ಮ್ಯಾಥ್ಯೂಸ್ ರೂಪಿಸಿದ ಶೀತಲ ಸಮರದ ಆಟ. ಅಟ್ಟಿ ಕಟ್ಟುವ ಸೇನೆಗಳಿಲ್ಲ, ಇಸ್ಪೀಟಿನಂತೆ ಕೈಯಲ್ಲಿ ಎಲೆ ಹಿಡಿದು ಆಡುವುದು. ಒಂದು ಎಲೆ ಭಾರತ-ಪಾಕಿಸ್ತಾನ ಯುದ್ಧದ್ದು. ದಾಳ ಉರುಳಿಸಿ, ಎದುರಾಳಿಯ ಹಿಡಿತದಲ್ಲಿರುವ ಅಕ್ಕಪಕ್ಕದ ದೇಶ ಒಂದೊಂದಕ್ಕೂ ಒಂದು ಕಳೆದು, ನಾಲ್ಕು ಅಥವಾ ಹೆಚ್ಚು ಉಳಿದರೆ ಗೆಲುವು. 1971ರ ಡಿಸೆಂಬರಿನಲ್ಲಿ ರೇಡಿಯೋಗೆ ಕಿವಿ ಹಚ್ಚಿ ವಾರ್ತೆ ಕೇಳಿದ ಹುಡುಗನಿಗೆ ಈ ಎಲೆ ಕೈಗೆ ಬಂದಾಗ ಆಗುವುದು ಇಪ್ಪತ್ತೈದರ ಆಟಗಾರನಿಗೆ ಆಗುವುದಿಲ್ಲ. ಆ ಎಲೆಗಳಲ್ಲಿ ಬಹಳಷ್ಟು ನಿಮ್ಮ ಜೀವಮಾನದಲ್ಲೇ ನಡೆದದ್ದು.

ಇನ್ನು ಕಣ್ಣು. ಕಣ್ಣಿನ ಪಾಪೆ ಸಣ್ಣದಾಗಿ, ಮಸೂರ ಹಳದಿಗಟ್ಟಿ, ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಭೂತಗನ್ನಡಿ ಕೊಳ್ಳುವ ಮೊದಲು ದೀಪ ಕೊಳ್ಳಿ. ಬಾಗಿಸಬಹುದಾದ ಕತ್ತಿನ ಎರಡು ದೀಪಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಕೈಯ ನೆರಳು ಹಾಸಿನ ಮೇಲೆ ಬೀಳುವುದಿಲ್ಲ. ಚಾಳೀಸಿನ ಕನ್ನಡಕ ಓದುವ ದೂರಕ್ಕೆ ಮಾಡಿದ್ದು. ಮೇಜಿನ ಆಚೆ ತುದಿ ಅದಕ್ಕಿಂತ ದೂರ. ಆ ದೂರವನ್ನು ಟೇಪಿನಲ್ಲಿ ಅಳೆದು ಕಣ್ಣಿನ ಡಾಕ್ಟರಿಗೆ ಹೇಳಿ, ಆಟಕ್ಕೆಂದೇ ಒಂದು ಕನ್ನಡಕ ಮಾಡಿಸಿ. ನನಗೆ ಇದರಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ. 1977ರ 'ಸ್ಕ್ವಾಡ್ ಲೀಡರ್'ನ ಅರ್ಧ ಇಂಚಿನ ಬಿಲ್ಲೆಯ ಮೇಲೆ 4-6-7 ಎಂದು, ಗುಂಡಿನ ಬಲ, ದೂರ, ಧೈರ್ಯ ಎಂಬ ಕ್ರಮದಲ್ಲಿ, ಅಚ್ಚಾದದ್ದನ್ನು ಹತ್ತು ವರ್ಷದ ಮೇಲೆ ಬಗ್ಗದೆ ಓದಿದೆ.

ಬೆರಳಿನ ವಿಷಯ. ತುದಿ ಬಾಗಿದ ಚಿಮಟ ಇಟ್ಟುಕೊಳ್ಳಿ. ಬಿಲ್ಲೆಗಳ ನಾಲ್ಕು ಮೂಲೆಯನ್ನೂ ಕತ್ತರಿಸುವ ಪುಟ್ಟ ಸಾಧನ ಸಿಗುತ್ತದೆ. ಮೂಲೆ ದುಂಡಗಾದ ಬಿಲ್ಲೆ ಪಕ್ಕದ್ದಕ್ಕೆ ಸಿಕ್ಕಿಕೊಂಡು ಅಟ್ಟಿ ಉರುಳಿಸುವುದಿಲ್ಲ. ಸಂಜೆ ಟಿ.ವಿ. ಮುಂದೆ ಕೂತು ನೂರು ನೂರು ಮಾಡಿದರೆ ವಾರದಲ್ಲಿ ಒಂದು ಪೆಟ್ಟಿಗೆ ಮುಗಿಯುತ್ತದೆ. ಅದೂ ಕಷ್ಟವಾದರೆ ಮರದ ತುಂಡುಗಳ ಆಟಕ್ಕೆ ಬನ್ನಿ. 1972ರ 'ಕ್ವಿಬೆಕ್ 1759'ರಿಂದ ಶುರುವಾದ ಪರಂಪರೆ ಅದು, ಹಿಡಿಯಲು ದಪ್ಪ, ನೋಡಲು ದೊಡ್ಡದು. ಕೈ ನಡುಕ ಇತ್ತೀಚೆಗೆ ಶುರುವಾದದ್ದಾದರೆ, ಅಥವಾ ಮರೆವು ಆಟದ ಆಚೆಗೂ ತೊಂದರೆ ಕೊಡುತ್ತಿದ್ದರೆ, ಇದನ್ನೆಲ್ಲ ಬದಿಗಿಟ್ಟು ಮೊದಲು ಡಾಕ್ಟರನ್ನು ಕಾಣಿ.

ಜೊತೆಗಾರರಿಲ್ಲ ಅನ್ನುವ ಕೊರಗು ಇವೆಲ್ಲಕ್ಕಿಂತ ದೊಡ್ಡದು ಎಂದು ನಿಮ್ಮ ಪತ್ರದಿಂದ ನನಗನ್ನಿಸಿತು. ನೆನಪಿದೆಯೇ, ಅಂಚೆಯಲ್ಲಿ ಆಡುತ್ತಿದ್ದ ಕಾಲ? ನಡೆಗಳನ್ನು ಕಾಗದದಲ್ಲಿ ಬರೆದು ಕಳಿಸುವುದು, ದಾಳಕ್ಕೆ ಬದಲು ಮುಂದಿನ ಒಂದು ದಿನಾಂಕದ ಪತ್ರಿಕೆಯ ಷೇರುಪೇಟೆ ಪುಟದಲ್ಲಿ ಮೊದಲೇ ಗೊತ್ತುಮಾಡಿದ ಕಂಪನಿಯ ವಹಿವಾಟಿನ ಕೊನೆಯ ಅಂಕಿ ನೋಡುವುದು. ಮೋಸಕ್ಕೆ ಎಡೆಯೇ ಇರಲಿಲ್ಲ. ಅದೇ ಸುಖ ಈಗ 'ವ್ಯಾಸಲ್' ಎಂಬ ಉಚಿತ ತಂತ್ರಾಂಶದಲ್ಲಿದೆ. ಕಂಪ್ಯೂಟರಿನಲ್ಲಿ ಹಾಸು ತೆರೆಯುತ್ತದೆ, ಬಿಲ್ಲೆಯನ್ನು ಅಂಗೈಯಗಲ ಹಿಗ್ಗಿಸಬಹುದು, ನಡೆಸಿದ್ದನ್ನು ಮೇಲ್ ಮಾಡಬಹುದು. ದೂರದ ಊರಿಗೆ ಹೋದ ನಿಮ್ಮ ಸ್ನೇಹಿತರಿಗೆ ಇವತ್ತೇ ಫೋನ್ ಮಾಡಿ. ವಾರಕ್ಕೆ ಎರಡು ನಡೆ ಸಾಕು.

ಒಬ್ಬರೇ ಆಡುವುದಾದರೆ ನನ್ನ ಪದ್ಧತಿ ಹೇಳುತ್ತೇನೆ. ರಾತ್ರಿ ಜರ್ಮನ್ ಕಡೆ ಕೂತು, ಮುಂದಿನ ಎರಡು ಸರದಿಗೆ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಮಡಚಿ ಡಬ್ಬಿಗೆ ಹಾಕುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು ಎದುರು ಕುರ್ಚಿಯಲ್ಲಿ ಕೂತು ಅಮೆರಿಕನ್ ಕಡೆ ಯೋಚಿಸುತ್ತೇನೆ. ರಾತ್ರಿ ಬರೆದದ್ದರಲ್ಲಿ ಅರ್ಧ ನೆನಪಿರುವುದಿಲ್ಲ; ಈ ಒಂದು ಕೆಲಸಕ್ಕೆ ಮರೆವು ನಿಜವಾದ ಉಪಕಾರಿ. ಮೂವತ್ತರಲ್ಲಿ ಹೀಗೆ ಆಡಲು ನನಗೆ ಆಗುತ್ತಿರಲಿಲ್ಲ.

ಪ್ರಶ್ನೆ: ನನಗೆ 64, ಬೆಂಗಳೂರು. 1990ರ ದಶಕದಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ 'ಪ್ಯಾಂಜರ್ ಜನರಲ್'ನಿಂದ ಶುರುವಾದದ್ದು, ನಿವೃತ್ತಿಯಾದ ಮೇಲೂ ನಡೆದಿದೆ. ಮೊನ್ನೆ ಮಗಳು ಕೇಳಿದಳು: "ಈ ವಯಸ್ಸಲ್ಲಿ ಯುದ್ಧ ಆಡ್ತೀಯಲ್ಲಪ್ಪ, ಅದೂ ಹಿಟ್ಲರನ ಕಡೆಯಿಂದ, ಬೇಜಾರಾಗಲ್ವಾ?" ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಮಗಳು ಕೇಳಬೇಕಾದದ್ದನ್ನೇ ಕೇಳಿದ್ದಾರೆ. 1994ರ ಆ ಆಟದಲ್ಲಿ ಪೋಲೆಂಡಿನಿಂದ ಶುರುಮಾಡಿ ಗೆಲ್ಲುತ್ತಾ ಹೋಗುತ್ತೀರಿ. ಸೇನೆ ದಾಟಿಹೋದ ಊರುಗಳಲ್ಲಿ ಜನರಿಗೇನಾಯಿತು ಎಂಬುದು ಪರದೆಯ ಮೇಲೆ ಎಲ್ಲೂ ಬರುವುದಿಲ್ಲ. ಅದು ಆಟದ ಕೊರತೆ. ಆಡುವವರು ಓದಿ ತುಂಬಿಕೊಳ್ಳಬೇಕು. ನಾಜಿ ಎಸ್‌ಎಸ್ ಪಡೆಗಳಿಗೆ ಮಿರುಗುವ ಕಪ್ಪು ಬಣ್ಣ ಬಳಿದು ಶೂರರಂತೆ ಮೆರೆಸುವ ಬಿಲ್ಲೆಗಳು ನನಗೆ ಎಂದೂ ಹಿಡಿಸಿಲ್ಲ.

ಈ ಹವ್ಯಾಸದ ಬೇರು ಸೇನೆಯಲ್ಲೇ ಇದೆ, ಅದನ್ನೂ ಮುಚ್ಚಿಡುವುದು ಬೇಡ. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ನಕ್ಷೆಯ ಮೇಲೆ ಆಡುವ 'ಕ್ರೀಗ್ಸ್‌ಶ್ಪೀಲ್' ಮಾಡಿದ್ದು ಅಧಿಕಾರಿಗಳ ತರಬೇತಿಗೆ. ನನಗೆ ಈ ಹಾಸು ಕೊಟ್ಟದ್ದು ಬೇರೆ. ಉತ್ತರ ಆಫ್ರಿಕದ ಆಟಗಳಲ್ಲಿ 4ನೇ ಭಾರತೀಯ ಡಿವಿಷನ್ನಿನ ಬಿಲ್ಲೆಗಳು ಸಿಗುತ್ತವೆ. ಅದು ಯಾರು ಎಂದು ಹುಡುಕಿ ಹೊರಟಾಗಲೇ ನನಗೆ ತಿಳಿದದ್ದು, 1941ರಲ್ಲಿ ಎರಿಟ್ರಿಯದ ಕೆರೆನ್ ಬೆಟ್ಟಗಳನ್ನು ಹತ್ತಿದವರೂ, 1944ರಲ್ಲಿ ಇಟಲಿಯ ಕಸೀನೋದಲ್ಲಿ ಸತ್ತವರೂ ನಮ್ಮ ಹಳ್ಳಿಗಳ ಹುಡುಗರು ಎಂದು. ಶಾಲೆಯಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಆ ಬಿಲ್ಲೆಯನ್ನು ಹಾಸಿನಿಂದ ತೆಗೆಯಬೇಕಾದಾಗಲೆಲ್ಲ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ಮಗಳ ಜೊತೆ ಕೂತು 2019ರಲ್ಲಿ ಬಂದ 'ಗಾಂಧಿ' ಆಡಿ ನೋಡಿ. 1917ರಿಂದ 1947ರವರೆಗಿನ ಭಾರತದ ಹಾಸು; ಬ್ರಿಟಿಷ್ ಸರ್ಕಾರ, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು ಎಂದು ನಾಲ್ಕು ಕಡೆ. ದಂಗೆ ಏಳುವ, ದಂಗೆ ಅಡಗಿಸುವ ಯುದ್ಧಗಳಿಗೆ ರೂಪಿಸಿದ ನಿಯಮಗಳನ್ನೇ ಅಹಿಂಸೆಗೆ ಬಗ್ಗಿಸಿದ್ದಾರೆ. ನಿಯಮ ಸ್ವಲ್ಪ ಭಾರ, ಆದರೆ ಆಕೆ ಕೇಳಿದ ಪ್ರಶ್ನೆಯನ್ನು ಇಬ್ಬರೂ ಮೇಜಿನ ಮೇಲೆ ಇಟ್ಟುಕೊಂಡು ಮಾತಾಡಬಹುದು. ಮುಂದೆ ಯಾವ ಯುದ್ಧದ ಆಟ ಆಡಿದರೂ ಎರಡೂ ಕಡೆಯಿಂದ ಒಂದೊಂದು ಸಲ ಆಡಿ.

ಪ್ರಶ್ನೆ: ಹನ್ನೊಂದರ ಮೊಮ್ಮಗ ಬೇಸಿಗೆ ರಜೆಗೆ ಬರುತ್ತಿದ್ದಾನೆ. "ತಾತ, ನಿನ್ನ ಆಟ ಕಲಿಸು" ಎಂದು ಫೋನಿನಲ್ಲೇ ಹಟ. ಎಲ್ಲಿಂದ ಶುರುಮಾಡಲಿ?

ಉತ್ತರ: ನಿಮ್ಮ ಆಟದಿಂದ ಬೇಡ. ನಿಯಮ ಓದಿ ಹೇಳುವ ತಾತನ ಮುಂದೆ ಮಗು ಹತ್ತು ನಿಮಿಷ ಕೂರುತ್ತದೆ, ಅಷ್ಟೆ. 2004ರ 'ಮೆಮ್ವಾರ್ 44' ಒಳ್ಳೆಯದು: ಪ್ಲಾಸ್ಟಿಕ್ ಸೈನಿಕರು, ಪಕ್ಕದಲ್ಲಿದ್ದವರ ಮೇಲೆ ಗುಂಡು ಹಾರಿಸಿದರೆ ಮೂರು ದಾಳ, ನಡುವೆ ಒಂದು ಮನೆ ಇದ್ದರೆ ಎರಡು, ಎರಡು ಮನೆ ಇದ್ದರೆ ಒಂದು. ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ.

ಅದಕ್ಕೂ ಮೊದಲು, ಅವನು ಬಂದ ದಿನವೇ, ಸೀಮೆಸುಣ್ಣದಲ್ಲಿ ಜಗಲಿಯ ಮೇಲೆ ಆಡು-ಹುಲಿ ಮನೆ ಬರೆಯಿರಿ. ನಮ್ಮ ಎಷ್ಟೋ ದೇವಸ್ಥಾನಗಳ ನೆಲದ ಚಪ್ಪಡಿಯಲ್ಲಿ ಕೊರೆದಿರುವುದು ಇದೇ. 3 ಹುಲಿ, 15 ಆಡು. ಹುಲಿಗೆ ಕಲ್ಲು, ಆಡಿಗೆ ಹುಣಸೆಬೀಜ. ಬಲಾಬಲ ಸಮವಿಲ್ಲದ ಎರಡು ಕಡೆಗಳ ಯುದ್ಧ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪಾಠ ನಾನು ಕಂಡಿಲ್ಲ. ಮೊದಲ ಸಲ ಹುಲಿ ಅವನಿಗೇ ಕೊಡಿ. ಹಾರಿ ಹಾರಿ ನಾಲ್ಕು ಆಡು ತಿಂದು ಕುಣಿಯಲಿ. ನೀವು ಮಾತಾಡದೆ, ಒಂದು ಆಡಿನ ಬೆನ್ನಿಗೆ ಇನ್ನೊಂದನ್ನು ಇಡುತ್ತಾ ಹೋಗಿ, ಮೂರೂ ಹುಲಿಗೆ ದಾರಿ ಕಟ್ಟಿ. ಎರಡನೇ ಆಟಕ್ಕೆ "ಈ ಸಲ ಆಡು ನಂಗೆ" ಎಂದು ಅವನಾಗಿಯೇ ಕೇಳಿದರೆ, ಆ ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆಗೆ ಆರ್ಡರ್ ಕೊಡಿ.