ಮರಳುಗಾಡಿನ ಹುಡುಗರಿಗೆ ಇಷ್ಟು ಪುಟ ಯಾಕೆ?

ನಮಸ್ಕಾರ. ಅಮೆರಿಕದ ರಾಕ್ ಬ್ಯಾಂಡು ಕೈಯಸ್ ಬಗ್ಗೆ ನಾವು ಅಚ್ಚು ಹಾಕಿದ ಲೇಖನ ಓದಿ ನೀವು ನೇರವಾಗಿ ಕೇಳಿದ್ದೀರಿ: 'ನಾಲ್ಕೇ ಆಲ್ಬಂ ಮಾಡಿ 1995ರಲ್ಲಿ ಒಡೆದುಹೋದ ಬ್ಯಾಂಡು. ಕೇಳಿದರೆ ಬ್ಲ್ಯಾಕ್ ಸಬಾತ್‌ನ ನಕಲು ಅನ್ನಿಸುತ್ತೆ. ಅದಕ್ಕೆ ಇಷ್ಟು ಪುಟ ಯಾಕೆ?'

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡು ಸಬಾತ್‌ನ ಋಣ ಇದೆ, ಖಂಡಿತ. ತಂತಿ ಸಡಿಲಿಸಿ ಭಾರವಾದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನುಡಿಸುವ ದಾರಿ ಹಾಕಿಕೊಟ್ಟವರೇ ಅವರು. ಆದ್ರೆ ಕೈಯಸ್‌ನ ಸದ್ದು ಬೆಳೆದ ಜಾಗ ನೋಡಿ. ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್, ಮರುಭೂಮಿಯ ಊರು. ಹೈಸ್ಕೂಲು ವಯಸ್ಸಿನ ಹುಡುಗರನ್ನು ಕರೆದು ನುಡಿಸಿ ಅನ್ನುವವರು ಅಲ್ಲಿ ಯಾರಿದ್ದರು? ಅವರು ಊರಾಚೆ ಮರಳಿಗೆ ಹೋಗಿ, ಪೆಟ್ರೋಲ್ ಜನರೇಟರ್ ಚಾಲೂ ಮಾಡಿ, ಅದಕ್ಕೇ ಆಂಪ್ಲಿಫೈಯರ್ ಸಿಕ್ಕಿಸಿ ರಾತ್ರಿ ನುಡಿಸಿದರು. 'ಜನರೇಟರ್ ಪಾರ್ಟಿ' ಅಂತಲೇ ಅವಕ್ಕೆ ಹೆಸರು. ಬಯಲಲ್ಲಿ ಸದ್ದನ್ನು ಹಿಡಿದಿಡೋಕೆ ಗೋಡೆಯಿಲ್ಲ, ಸೂರಿಲ್ಲ. ತೆಳು ಸದ್ದಾದರೆ ಗಾಳಿಪಾಲು.

ಬ್ಯಾಂಡಿನ ಗಿಟಾರಿಸ್ಟ್ ಜಾಶ್ ಹೋಮಿ ಗಿಟಾರಿನ ತಂತಿಗಳನ್ನು ಸಿ ಸ್ವರದವರೆಗೆ ಇಳಿಸಿ, ತಗ್ಗು ಸ್ವರದ ಬೇಸ್ ಗಿಟಾರಿಗೆ ಮಾಡಿದ ಆಂಪ್ಲಿಫೈಯರ್‌ನಲ್ಲೇ ನುಡಿಸುತ್ತಿದ್ದ. ಹೀಗಾಗಿ ಗಿಟಾರ್ ಎಲ್ಲಿ ಮುಗಿಯಿತು, ಬೇಸ್ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಕಿವಿಗಿಂತ ಮೊದಲು ಎದೆಗೆ ತಾಗುತ್ತೆ. ಅದರ ಮೇಲೆ ಜಾನ್ ಗಾರ್ಸಿಯಾನ ಒರಟು ದನಿ, ಕೆಳಗೆ ಬ್ರ್ಯಾಂಟ್ ಬ್ಯೋರ್ಕ್‌ನ ಡ್ರಮ್ಸ್. 1992ರ 'ಬ್ಲೂಸ್ ಫಾರ್ ದ ರೆಡ್ ಸನ್' ಮಾಡುವಾಗ ನಿರ್ಮಾಪಕ ಕ್ರಿಸ್ ಗಾಸ್ ಈ ದಪ್ಪ ಸದ್ದನ್ನು ತಿದ್ದಿ ನಯ ಮಾಡಲಿಲ್ಲ. ನನಗಂತೂ ಅದು ಆ ಕಾಲದ ದೊಡ್ಡ ಆಲ್ಬಂಗಳಲ್ಲಿ ಒಂದು.

1993ರಲ್ಲಿ ಹೆಸರಾಂತ ಮೆಟಲ್ ಬ್ಯಾಂಡು ಮೆಟಾಲಿಕಾ ಜೊತೆ ಆಸ್ಟ್ರೇಲಿಯಾ ಸುತ್ತಿದರೂ ಆಲ್ಬಂಗಳು ಜಾಸ್ತಿ ಮಾರಾಟವಾಗಲಿಲ್ಲ, ನಿಜ. ಆದರೆ ಬ್ಯಾಂಡು ಒಡೆದ ಮೇಲೆ ಏನಾಯಿತು? ಹೋಮಿ ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ಅನ್ನೋ ಹೊಸ ಬ್ಯಾಂಡು ಕಟ್ಟಿದ, ಕೈಯಸ್‌ನ ಹಳೇ ಬೇಸಿಸ್ಟ್ ನಿಕ್ ಒಲಿವೇರಿ ಅಲ್ಲಿಗೂ ಬಂದ. ಬ್ಯೋರ್ಕ್ ಫೂ ಮಾಂಚು ಬ್ಯಾಂಡು ಸೇರಿದ. 1997ರಿಂದ ಹೋಮಿ ಅದೇ ಮರುಭೂಮಿಯ ಜೋಶುವಾ ಟ್ರೀ ಊರಿನ ಒಂದು ಸ್ಟುಡಿಯೋಗೆ ಗೆಳೆಯರನ್ನೆಲ್ಲ ಕರೆದು 'ಡೆಸರ್ಟ್ ಸೆಷನ್ಸ್' ರೆಕಾರ್ಡ್ ಮಾಡಿದ. ಇನ್ನು ಸ್ವೀಡನ್ನಿನ ಡೋಜರ್, ಲೋರೈಡರ್ ಬ್ಯಾಂಡುಗಳನ್ನು ಕೇಳಿ. ಹಿಮದ ನಾಡಿನ ಹುಡುಗರು ಈ ಮರಳಿನ ಸದ್ದನ್ನು ತಮ್ಮದು ಮಾಡಿಕೊಂಡರು. ಸುಮ್ನೆ ನಕಲು ಮಾಡಿದವರಿಂದ ಇಷ್ಟು ದೂರ ಕವಲು ಹಬ್ಬುತ್ತಾ?

 

ಒಂದು ಕೋರಿಕೆ. 1994ರ 'ವೆಲ್ಕಂ ಟು ಸ್ಕೈ ವ್ಯಾಲಿ'ಯ ಮೊದಲ ಹಾಡು 'ಗಾರ್ಡೇನಿಯಾ' ಹಾಕಿ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ತಗ್ಗು ಸ್ವರಗಳೇ ಸಿಗುವುದಿಲ್ಲ. ಆಮೇಲೂ ನಮ್ಮ ಮಾತು ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ