ಆಷಾಢದ ಮಂಗಳವಾರ ಎಷ್ಟು ಗ್ಲಾಸ್ ಹೋಗುತ್ತೆ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಫುಡ್ ಟೆಕ್ನಾಲಜಿ ಓದಿದ್ದೇನೆ. ಶಿವಮೊಗ್ಗದಲ್ಲಿ ಸೋದರಮಾವನ ಲಾಡ್ಜ್ ಇದೆ, ಕೆಳಗೆ ಲೈಸೆನ್ಸ್ ಇರುವ ಬಾರ್. ಅಲ್ಲೇ ನಮ್ಮದೇ ಬಿಯರ್ ಮಾಡುವ ಮೈಕ್ರೋಬ್ರೂವರಿ ಹಾಕುವ ಆಸೆ. 1000 ಲೀಟರಿನ ನಾಲ್ಕು ಟ್ಯಾಂಕ್, ನಾಲ್ಕು ಬಗೆ ಬಿಯರ್ ಅಂತ ಯೋಚನೆ. ದುಡ್ಡಿಗೆ ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕು. ಅಪ್ಪ ಬೇಡ ಅಂತಾರೆ. ನೀವೇನು ಹೇಳ್ತೀರಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಅಪ್ಪ ಹೇಳುವುದು ಸರಿ, ತೋಟ ಅಡ ಇಡಬೇಡಿ. ಬಿಯರ್ ಮಾಡಿ, ಖಂಡಿತ ಮಾಡಿ. ಆದರೆ ನೀವು ಟ್ಯಾಂಕಿನಿಂದ ಲೆಕ್ಕ ಶುರು ಮಾಡಿದ್ದೀರಿ, ಗ್ಲಾಸಿನಿಂದ ಶುರು ಮಾಡಬೇಕಿತ್ತು.

ಮಾವನ ಬಾರಿನಲ್ಲಿ ಕೂತು ಎಣಿಸಿ. ಶನಿವಾರ ರಾತ್ರಿಯ ಲೆಕ್ಕ ಬೇಡ, ಆಷಾಢದ ಒಂದು ಮಂಗಳವಾರ, ಮಳೆ ಬಿಡದೆ ಹೊಡೆಯುತ್ತಿರುವ ದಿನದ ಲೆಕ್ಕ ಬರೆದಿಡಿ. ಅವತ್ತು 330 ಮಿಲಿಯ 60 ಗ್ಲಾಸ್ ಹೋಯಿತು ಅಂದುಕೊಳ್ಳಿ, ಹೆಚ್ಚುಕಡಿಮೆ 20 ಲೀಟರ್ ಆಯಿತು. ನಾಲ್ಕು ಬಗೆ ಇಟ್ಟರೆ ಒಂದೊಂದು ದಿನಕ್ಕೆ 5 ಲೀಟರ್. ತಳದ ಗಸಿ, ನೊರೆ ಎಲ್ಲಾ ಕಳೆದು ಒಂದು ಟ್ಯಾಂಕಿನಲ್ಲಿ 900 ಲೀಟರ್ ಉಳಿದರೂ ಅದು ಖಾಲಿಯಾಗಲು 180 ದಿನ ಬೇಕು. ಸೋಸದ ತಾಜಾ ಬಿಯರ್ ಅಷ್ಟು ದಿನ ರುಚಿ ಉಳಿಸಿಕೊಳ್ಳುವುದಿಲ್ಲ. ಗೋಧಿ ಬಿಯರಿಗೆ ಯೀಸ್ಟ್ (ಸಕ್ಕರೆಯನ್ನು ಮದ್ಯವಾಗಿಸುವ ಸೂಕ್ಷ್ಮಜೀವಿ) ಕೊಡುವ ಬಾಳೆಹಣ್ಣಿನ ಪರಿಮಳ ಇದೆಯಲ್ಲ, ಅದಕ್ಕಾಗಿಯೇ ಜನ ಬರುತ್ತಾರೆ, ಅದೇ ಮೊದಲು ಮಾಸುವುದು. ಅಡಿಕೆ ದುಡ್ಡು ಕೈಗೆ ಬಂದಾಗ ವ್ಯಾಪಾರ ಏರಬಹುದು, ಬೇಸಿಗೆಯಲ್ಲೂ ಏರಬಹುದು, ಆದರೆ ಸಾಲದ ಕಂತು ಮಳೆಗಾಲದಲ್ಲೂ ಅಷ್ಟೇ ಇರುತ್ತೆ ಅಲ್ವಾ?

ಹಾಗಾಗಿ 500 ಲೀಟರಿನ ಎರಡು ಮೂರು ಟ್ಯಾಂಕ್, ಎರಡೇ ಬಗೆ. ಒಂದು ಗೋಧಿ ಬಿಯರ್, ಇನ್ನೊಂದು ಹಗುರವಾದ ಏಲ್, ಅಂದರೆ ಹದ ಬಿಸಿಯಲ್ಲಿ ಬೇಗ ಹುದುಗುವ ಬಿಯರ್. ಏಲ್ ಎರಡು ವಾರದಲ್ಲಿ ತಯಾರಾಗುತ್ತೆ. ಲಾಗರ್ ಅನ್ನುವ ಬಗೆ ಈಗ ಬೇಡ, ಅದು ತಣ್ಣಗೆ ನಿಧಾನವಾಗಿ ಹುದುಗುತ್ತಾ ವಾರಗಟ್ಟಲೆ ಟ್ಯಾಂಕ್ ಹಿಡಿದು ಕೂರುತ್ತೆ.

ಇನ್ನು ಕೆಲಸದ ವಿಷಯ. ಅರೆದ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 65ರಿಂದ 68 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡುವುದು, ಅದರ ಸಿಹಿ ರಸ ಇಳಿಸಿ ಕಹಿ ಕೊಡುವ ಹಾಪ್ಸ್ ಹೂ ಹಾಕಿ ಕುದಿಸುವುದು, ತಣಿಸಿ ಯೀಸ್ಟ್ ಬಿಡುವುದು, ಇದನ್ನೆಲ್ಲ ನೀವು ಬೇಗ ಕಲಿಯುತ್ತೀರಿ. ದಿನದ ಬಹುಪಾಲು ಹೋಗುವುದು ತೊಳೆಯುವುದಕ್ಕೆ. ನಾನು ಕೆಲಸ ಕಲಿಯುವಾಗ ಒಂದು ಸಣ್ಣ ವಾಲ್ವನ್ನು ಬಿಚ್ಚಿ ತೊಳೆಯದೆ ಬಿಟ್ಟಿದ್ದೆ, ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು, ಒಳಗಿನ ವಾಷರಿನ ಸಂದಿಯಲ್ಲಿ ಹಳೆಯ ಗಸಿ ಇತ್ತು. 500 ಲೀಟರ್ ಹುಳಿಯಾಯಿತು, ಪೂರ್ತಿ ಚೆಲ್ಲಿದೆವು. ಇವತ್ತಿಗೂ ಆ ವಾಸನೆ ನನಗೆ ಮರೆತಿಲ್ಲ. ಟ್ಯಾಂಕ್ ಮಾರುವವರು ಈ ಮಾತು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನೀರು ನಮ್ಮ ಕಡೆಯ ಭಾಗ್ಯ. ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು, ಬೇಕಾದ ಲವಣ ಆಮೇಲೆ ಸೇರಿಸಿಕೊಳ್ಳಬಹುದು. ಆದರೆ ಬಕೆಟಿಗೆ ಕೆಂಪು ಕಲೆ ಹಿಡಿಸುವ ಬೋರ್ ನೀರು ಬೇಡ, ಕಬ್ಬಿಣದ ರುಚಿ ಬಿಯರಿಗೆ ಇಳಿಯುತ್ತೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲು ಕಾರ್ಬನ್ ಫಿಲ್ಟರ್ ಬೇಕೇ ಬೇಕು, ಇಲ್ಲದಿದ್ದರೆ ಆಸ್ಪತ್ರೆ ವಾಸನೆ ಬರುತ್ತೆ. ಒಂದು ಲೀಟರ್ ಬಿಯರಿಗೆ ತೊಳೆಯುವುದೂ ಸೇರಿ ಕಡಿಮೆಯೆಂದರೂ ಐದಾರು ಲೀಟರ್ ನೀರು ಇಟ್ಟುಕೊಳ್ಳಿ. ಆ ಕೊಳೆ ನೀರು ಸುಮ್ನೆ ಚರಂಡಿ ಸೇರಿ ತುಂಗೆಗೆ ಹೋಗಬಾರದು. ಅದನ್ನು ಶುದ್ಧ ಮಾಡುವ ಘಟಕದ ಖರ್ಚು ಮೊದಲ ದಿನದ ಲೆಕ್ಕದಲ್ಲೇ ಇರಲಿ.

ಮಳೆಗಾಲದಲ್ಲಿ ಇನ್ನೆರಡು ಕಷ್ಟ. ಮಾಲ್ಟ್ ಚೀಲ ತೇವ ಎಳೆಯುತ್ತೆ, ಅಡಿಕೆ ಹಾಗೇ ಬೂಷ್ಟು ಬರುತ್ತೆ, ಆದ್ದರಿಂದ ನೆಲಕ್ಕೆ ತಾಗಿಸದೆ ಒಣ ಕೋಣೆಯಲ್ಲಿಡಿ. ಕರೆಂಟ್ ಹೋದರೆ ಟ್ಯಾಂಕ್ ತಣ್ಣಗಿಡುವ ಚಿಲ್ಲರ್ ನಿಲ್ಲುತ್ತೆ. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತೆ, ಏಲ್ 20 ಡಿಗ್ರಿಯ ಆಸುಪಾಸು ಇರಬೇಕಾದ್ದು ಮೇಲೆ ಹೋದರೆ ಬಣ್ಣದ ಡಬ್ಬಿ ತೆರೆದ ಹಾಗೆ ವಾಸನೆ. ಚಿಲ್ಲರಿಗೆ ಜನರೇಟರ್ ಕೊಡಲೇಬೇಕು.

ಕಾಗದಪತ್ರ ಚುಟುಕಾಗಿ ಹೇಳುತ್ತೇನೆ. ಮಾವನ ಲೈಸೆನ್ಸಿಗೆ ಬ್ರೂವರಿ ಸೇರಿಸಲು ಏನೇನು ಬೇಕು ಅಂತ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಆಮೇಲೆ ಟ್ಯಾಂಕಿಗೆ ಅಡ್ವಾನ್ಸ್ ಕೊಡಿ. ಮಾಲಿನ್ಯ ಮಂಡಳಿಯ ಒಪ್ಪಿಗೆ, ಆಹಾರ ಸುರಕ್ಷತೆ ಲೈಸೆನ್ಸ್ ಬೇರೆ. ಮನೆಯಲ್ಲಿ ಟ್ರಯಲ್ ಮಾತ್ರ ಬೇಡ, ಲೈಸೆನ್ಸ್ ಇಲ್ಲದೆ ಮಾಡುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಕಲಿಯಬೇಕಾದರೆ ಬೆಂಗಳೂರಿನ ಯಾವುದಾದರೂ ಮೈಕ್ರೋಬ್ರೂವರಿಯಲ್ಲಿ ಒಂದು ವರ್ಷ ಕೆಲಸಕ್ಕೆ ಸೇರಿ. ಸಂಬಳ ಕಡಿಮೆ ಇದ್ದರೂ ಹೋಗಿ.

ಪ್ರಶ್ನೆ: ಬ್ರೂವರಿಯಲ್ಲಿ ಉಳಿದ ಮಾಲ್ಟ್ ಚರಟ ದನಕ್ಕೆ ಹಾಕಬಹುದಾ? ಅಮಲು ಬರುತ್ತಾ?
— ಓದುಗರು, ಸಾಗರ

ಉತ್ತರ: ಅಮಲು ಬರುವುದಿಲ್ಲ. ಯೀಸ್ಟ್ ಬಿಡುವ ಮೊದಲೇ ಚರಟ ಬೇರೆಯಾಗಿರುತ್ತೆ. ಪ್ರೋಟೀನ್ ಇರುವ ಒಳ್ಳೆಯ ಮೇವು ಅದು. 500 ಲೀಟರ್ ಬಿಯರಿಗೆ ಸುಮಾರು 100 ಕಿಲೋ ಮಾಲ್ಟ್ ಬೇಕು, ನೀರು ಹೀರಿ ಚರಟ ಅದಕ್ಕಿಂತ ಜಾಸ್ತಿ ತೂಗುತ್ತೆ. ಮೊದಲ ವಾರ ಸ್ವಲ್ಪ ಸ್ವಲ್ಪ ಕೊಡಿ, ಒಣಹುಲ್ಲು ತಪ್ಪಿಸಬೇಡಿ. ಹಸಿ ಚರಟ ಒಂದೆರಡು ದಿನದಲ್ಲೇ ಕೆಡುತ್ತೆ. ಹುಳಿ ವಾಸನೆ ಬಂದದ್ದು, ಬೂಷ್ಟು ಹಿಡಿದದ್ದು ಕೊಟ್ಟಿಗೆಗೆ ಬೇಡ, ಗೊಬ್ಬರದ ಗುಂಡಿಗೆ ಹಾಕಿ.