ಕೆನಡಾ ಡೇ ಅನುದಾನ: ಕೈಯಿಂದ ಅಡ್ವಾನ್ಸ್ ಕಟ್ಟುವ ಮೊದಲು

ಮೇಡಂ, ನಿಮ್ಮ ಸಂಘದ ಜುಲೈ 1ರ ಕೆನಡಾ ಡೇ ಕಾರ್ಯಕ್ರಮಕ್ಕೆ ಟೆಂಟಿನವರಿಗೆ ಖಜಾಂಚಿಯವರು ತಮ್ಮ ಕಾರ್ಡಿನಿಂದಲೇ ಅಡ್ವಾನ್ಸ್ ಕಟ್ಟಿದ್ದಾರೆ, ಸೆಲೆಬ್ರೇಟ್ ಕೆನಡಾ ಎಂಬ ಸರ್ಕಾರಿ ಅನುದಾನದ ದುಡ್ಡು ಬಂದ ಮೇಲೆ ವಾಪಸ್ ಕೊಟ್ಟರಾಯಿತು ಅಂತ ಬರೆದಿದ್ದೀರಲ್ಲ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನಮ್ಮ ಸಂಘ ಇದೇ ದಾರಿಯಲ್ಲಿ ಹೋಗಿ ಪೆಟ್ಟು ತಿಂದಿದೆ.

ಆ ವರ್ಷ ಸ್ಟೇಜು, ಸೌಂಡು, ಕುರ್ಚಿ ಎಲ್ಲವನ್ನೂ ಸಮಿತಿಯವರು ಒಬ್ಬೊಬ್ಬರು ಹಂಚಿಕೊಂಡು ಕೈಯಿಂದ ಕೊಟ್ಟಿದ್ದರು. ಜುಲೈ ಮುಗಿದು ಅಂತಿಮ ವರದಿಗೆ ಕೂತಾಗ ನೋಡಿದರೆ ಸೌಂಡಿನವರ ಬಿಲ್ಲಿನಲ್ಲಿ ಗ್ರಾಹಕರ ಜಾಗದಲ್ಲಿ ಒಬ್ಬ ಸದಸ್ಯರ ಹೆಸರು, ಅವರ ಮನೆ ವಿಳಾಸ. ಕುರ್ಚಿಯವರದ್ದು ಬಿಲ್ಲೇ ಅಲ್ಲ, ಕಾರ್ಡ್ ಉಜ್ಜಿದ ಚೀಟಿ, ಅದೂ ಅರ್ಧ ಮಾಸಿಹೋಗಿತ್ತು. ಅನುದಾನ ಬಂದಿರುವುದು ಸಂಘದ ಹೆಸರಿಗೆ, ಖರ್ಚು ಮಾಡಿದ್ದೂ ಸಂಘವೇ ಅಂತ ಕಾಗದದಲ್ಲಿ ಕಾಣಬೇಕಲ್ಲ? ಬಾಡಿಗೆಯವರಿಗೆ ಫೋನ್ ಮೇಲೆ ಫೋನ್ ಮಾಡಿದರೂ ಹೊಸ ಬಿಲ್ಲು ಸಿಗಲಿಲ್ಲ. ಆ ಮೊತ್ತವನ್ನು ಲೆಕ್ಕದಿಂದ ಬಿಟ್ಟು, ಗಣೇಶೋತ್ಸವಕ್ಕೆ ಇಟ್ಟಿದ್ದ ದುಡ್ಡಿನಿಂದ ಕೈಯಿಂದ ಕಟ್ಟಿದ್ದ ಸದಸ್ಯರಿಗೆ ಕೊಡಬೇಕಾಯಿತು. ಸಮಿತಿಯಲ್ಲಿ ಮಾತಿಗೆ ಮಾತು ಬೆಳೆದು ಇಬ್ಬರು ಹೊರಗೂ ಹೋದರು.

ಆಮೇಲೆ ನಾವು ಹಿಡಿದ ಪದ್ಧತಿ ಇದು, ಈಗಲೂ ಬಿಟ್ಟಿಲ್ಲ. ಅರ್ಜಿಗೆ ಮೊದಲೇ ಒಂದೇ ಒಂದು ಶೀಟು. ಪ್ರತಿ ಖರ್ಚಿಗೂ ಒಂದು ಸಾಲು, ಮುಂದೆ ಎರಡು ಕಾಲಂ: ಅನುದಾನದಿಂದ ಎಷ್ಟು, ನಮ್ಮ ಕೈಯಿಂದ ಎಷ್ಟು. ಅದರ ಪಕ್ಕ ಬಿಲ್ ನಂಬರು, ಚೆಕ್ ನಂಬರು. ಸಂಘದ ಹೆಸರಿನ ಬಿಲ್ಲು ಬರುವ ತನಕ ದುಡ್ಡು ಬಿಡಬೇಡಿ, ಎಷ್ಟೇ ಪರಿಚಯದವರಾಗಿರಲಿ. ಇಂಟರ‍್ಯಾಕ್ ಟ್ರಾನ್ಸ್‌ಫರ್ ಮಾಡುವುದಾದರೆ ಸಂಘದ ಖಾತೆಯಿಂದಲೇ ಮಾಡಿ. ಇದಕ್ಕೆ ಕ್ವಿಕ್‌ಬುಕ್ಸ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬೇಕು ಅಂತ ಕೆಲವರು ಹೇಳುತ್ತಾರೆ. ನಮ್ಮಂಥ ಸಣ್ಣ ಸಂಘಕ್ಕೆ ಅದು ಅತಿಯಾಯಿತು, ವರ್ಷಕ್ಕೊಬ್ಬ ಹೊಸ ಖಜಾಂಚಿ ಬಂದಾಗ ಕಲಿಸುವುದೇ ಒಂದು ಕೆಲಸ. ಗೂಗಲ್ ಶೀಟ್ಸ್ ಧಾರಾಳ ಸಾಕು.

ಇನ್ನು ಸಮಯದ ವಿಷಯ. ಮಾರ್ಚ್‌ನಲ್ಲಿ ಅರ್ಜಿ ಹಾಕುತ್ತೇವೆ ಅಂದಿದ್ದೀರಿ. ಮುಂದಿನ ಬೇಸಿಗೆಯ ಅರ್ಜಿಯನ್ನು ಈ ಅನುದಾನ ಕೊಡುವ ಕೆನೇಡಿಯನ್ ಹೆರಿಟೇಜ್ ಇಲಾಖೆ ಹಿಂದಿನ ವರ್ಷದ ನವೆಂಬರ್‌ನಲ್ಲೇ ತೆಗೆದುಕೊಂಡು ಮುಗಿಸುತ್ತದೆ. ದೀಪಾವಳಿ ಗಡಿಬಿಡಿಯಲ್ಲಿ ಎಷ್ಟು ಸಂಘಗಳು ಇದನ್ನು ತಪ್ಪಿಸಿಕೊಂಡಿವೆ! ಉತ್ತರ ಬರಲು ತಿಂಗಳುಗಳು ಬೇಕು, ಕೇಳಿದಷ್ಟೂ ಬರುತ್ತದೆ ಅಂತ ನಂಬಬೇಡಿ. ಆ ದುಡ್ಡು ಬಾರದಿದ್ದರೂ ಸಣ್ಣದಾಗಿ ನಡೆಯುವಂಥ ಕಾರ್ಯಕ್ರಮ ಹಾಕಿಕೊಳ್ಳಿ.

ಜುಲೈ 1ಕ್ಕೇ ಯಾಕೆ ಅಂಟಿಕೊಂಡಿದ್ದೀರಿ ಅಂತಲೂ ಕೇಳುತ್ತೇನೆ. ಇದೇ ಯೋಜನೆಯಲ್ಲಿ ಜೂನ್ 21ರ ಮೂಲನಿವಾಸಿಗಳ ದಿನ, 24ರ ಸೇಂಟ್ ಜಾನ್ ಬ್ಯಾಪ್ಟಿಸ್ಟ್ ದಿನ, 27ರ ಬಹುಸಂಸ್ಕೃತಿ ದಿನ ಕೂಡ ಇವೆ. ನಮ್ಮ ಡೊಳ್ಳು, ಕೋಲಾಟಕ್ಕೆ 27 ಸಹಜವಾಗಿ ಹೊಂದುತ್ತದೆ, ಜುಲೈ 1ರಂದು ಊರೆಲ್ಲಾ ಕಾರ್ಯಕ್ರಮ ಇರುವುದರಿಂದ ಟೆಂಟು, ಸೌಂಡಿಗೆ ಆಗುವ ನೂಕುನುಗ್ಗಲೂ ಇರುವುದಿಲ್ಲ. ಆದರೆ ಆಯಾ ವರ್ಷದ ಮಾರ್ಗಸೂಚಿ ಓದದೆ ದಿನ ಆಚೀಚೆ ಮಾಡಬೇಡಿ. ಹಾಲ್ ಸಿಕ್ಕಿತು ಅಂತ ಆಗಸ್ಟ್‌ಗೆ ತಳ್ಳಿದರೆ ಅರ್ಜಿಗೆ ಅರ್ಥವೇ ಇಲ್ಲ.

"ಸದಸ್ಯರಿಗೆ ಉಚಿತ, ಉಳಿದವರಿಗೆ ಟಿಕೆಟ್" ಅಂತ ಪೋಸ್ಟರ್‌ನಲ್ಲಿ ಹಾಕಿದ್ದೀರಿ, ತೆಗೆಯಿರಿ. ಇದು ಸಂಘದ ಪಿಕ್ನಿಕ್‌ಗೆ ಕೊಡುವ ದುಡ್ಡಲ್ಲ, ಬೀದಿಯಲ್ಲಿ ಹೋಗುವವರೂ ಒಳಗೆ ಬಂದು ಕೂರುವಂತಿರಬೇಕು. ಸರ್ಕಾರದ ನೆರವನ್ನು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಸ್ಮರಿಸಬೇಕು. ಬ್ಯಾನರ್ ಮುದ್ರಣಕ್ಕೆ ಕೊಡುವ ಮೊದಲು ಫ್ರೆಂಚ್ ಬಲ್ಲವರೊಬ್ಬರಿಗೆ ತೋರಿಸಿ, ಗೂಗಲ್ ಅನುವಾದ ನಂಬಿ ಕೂರಬೇಡಿ. ಮಕ್ಕಳಿಗೆ ರಾಷ್ಟ್ರಗೀತೆ ಕಲಿಸುವವರಿಗೂ ಒಂದು ಮಾತು: ಇಂಗ್ಲಿಷ್ ಸಾಹಿತ್ಯದ ಒಂದು ಸಾಲು 2018ರಲ್ಲಿ ಬದಲಾಗಿದೆ, "ಇನ್ ಆಲ್ ಆಫ್ ಅಸ್ ಕಮಾಂಡ್" ಅಂತ. ಹಳೆಯ ಜೆರಾಕ್ಸ್ ಹಂಚಬೇಡಿ. ವೇದಿಕೆ ಮೇಲೆ ಭಾರತದ ಬಾವುಟ ಜೊತೆಗಿದ್ದರೆ ಕೆನಡಾದ್ದು ನೋಡುವವರ ಎಡಗಡೆಗೆ ಬರಬೇಕು.

ನಮ್ಮ ಸಿನಿಮಾ ಹಾಡು ಹಾಕುವುದಕ್ಕೆ ಲೈಸೆನ್ಸ್ ಯಾಕೆ ಅನ್ನಬೇಡಿ. ಹಾಡು ಬರೆದವರ, ಸಂಗೀತ ಕೊಟ್ಟವರ ಪರವಾಗಿ ಗೌರವಧನ ವಸೂಲಿ ಮಾಡುವ ಸೋಕಾನ್ ಸಂಸ್ಥೆಯ ಲೈಸೆನ್ಸನ್ನು, ಅಂಥ ಲೈಸೆನ್ಸ್ ಕೊಡುವ ಎಂಟ್ಯಾಂಡಮ್ ಕಂಪನಿಯ ಮೂಲಕ ತೆಗೆದುಕೊಳ್ಳಿ, ಬಜೆಟ್‌ನಲ್ಲಿ ಅದಕ್ಕೂ ಒಂದು ಸಾಲು ಇರಲಿ. ಪಾರ್ಕಿಗೆ ನಗರಸಭೆಯವರು ವಿಮೆ ಕೇಳುತ್ತಾರೆ, ಪಾಲಿಸಿಯಲ್ಲಿ ಅವರ ಹೆಸರನ್ನೂ ಸೇರಿಸಲು ಹೇಳುತ್ತಾರೆ. ಅದನ್ನು ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ದೊಡ್ಡ ಪಟಾಕಿ ಪ್ರದರ್ಶನದ ಆಸೆಯಂತೂ ಬಿಡಿ, ಅದಕ್ಕೆ ನ್ಯಾಚುರಲ್ ರಿಸೋರ್ಸಸ್ ಕೆನಡಾ ಇಲಾಖೆಯ ಪ್ರಮಾಣಪತ್ರ ಇರುವವರೇ ಬೇಕು.

ಬಹಳ ಸಂಘಗಳು ಗಮನಿಸದ ಒಂದು ವಿಷಯ: ಲಾಭರಹಿತ ಸಂಘದ ವರ್ಷದ ಆದಾಯದಲ್ಲಿ ಕನಿಷ್ಠ ಶೇ 40 ಸರ್ಕಾರದ ದುಡ್ಡಾಗಿದ್ದರೆ ಕಟ್ಟಿದ ಜಿಎಸ್‌ಟಿಯಲ್ಲಿ ಶೇ 50 ವಾಪಸ್ ಕೇಳಬಹುದು. ಒಂಟಾರಿಯೊದಲ್ಲಿ ಎಚ್‌ಎಸ್‌ಟಿಯ (ಜಿಎಸ್‌ಟಿ ಮತ್ತು ಪ್ರಾಂತ್ಯದ ತೆರಿಗೆ ಒಂದಾಗಿ ಸೇರಿದ್ದು) ಪ್ರಾಂತೀಯ ಭಾಗದಲ್ಲಿ ಶೇ 82. ನಗರಸಭೆ ಕೊಟ್ಟಿದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಫಾರಂ ಜಿಎಸ್‌ಟಿ66, ಅದರ ಜೊತೆಗೆ ಸರ್ಕಾರದ ನೆರವಿನ ಪಾಲು ತೋರಿಸಲು ಜಿಎಸ್‌ಟಿ523-1.

ಮೇಡಂ, ಸದ್ಯಕ್ಕೆ ಟೆಂಟಿನವರಿಗೆ ಇವತ್ತೇ ಫೋನ್ ಮಾಡಿ, ಖಜಾಂಚಿಯವರ ಅಡ್ವಾನ್ಸ್ ಅವರ ಕಾರ್ಡಿಗೇ ವಾಪಸ್ ಹಾಕಿ ಸಂಘದ ಹೆಸರಿಗೆ ಹೊಸ ಬಿಲ್ಲು ಕೊಡಲು ಕೇಳಿ. ಕಾರ್ಯಕ್ರಮಕ್ಕೆ ಇನ್ನೂ ಸಮಯ ಇರುವಾಗ ಮಾಡಿಕೊಡುತ್ತಾರೆ.